ದೋಣಿ ಇಟ್ಟುಕೊಂಡವರಿಗೆ ರಜೆ ಇಲ್ಲ

ಕಾಲೇಜಿನಲ್ಲಿ ಯಾರಾದರೂ ಊರು ಕೇಳಿದರೆ ‘ಚಂದಗುಳಿ’ ಎನ್ನುತ್ತೇನೆ. ಯಲ್ಲಾಪುರ ಕಡೆಯವರಾದರೆ ‘ಓ, ಘಂಟೆ ಗಣಪತಿ ಊರಾ?’ ಎಂದು ತಕ್ಷಣ ಗುರುತು ಹಿಡಿಯುತ್ತಾರೆ. ಬೇಡಿಕೊಂಡದ್ದು ಈಡೇರಿದವರು ಬಂದು ಘಂಟೆ ಕಟ್ಟಿ ಹೋಗುವ ಊರು ನಮ್ಮದು. ಉಳಿದವರಿಗೆ ಗುಡ್ಡ, ಅಡಿಕೆ ತೋಟ, ಮಳೆ ಎಂದೆಲ್ಲ ವಿವರಿಸಬೇಕು. ಅಂಥ ಊರಿನ ಹುಡುಗಿಗೆ ದೋಣಿಯ ಉಸಾಬರಿ ಯಾಕೆ ಎಂದು ನಿಮಗೆ ಅನಿಸಬಹುದು. ನಿಜ, ನಮ್ಮಲ್ಲಿ ದೋಣಿ ಇಲ್ಲ. ಹಳ್ಳ ದಾಟಲು ಕಾಲುಸಂಕ ಇದೆ, ಅಷ್ಟೆ. ದೋಣಿ ಇರುವುದು ನನ್ನ ಅತ್ತೆಯ ಮನೆಯಲ್ಲಿ, ಸಾಗರ ತಾಲ್ಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ.

2025ರ ಮೇ ತಿಂಗಳಲ್ಲಿ ಸೆಮಿಸ್ಟರ್ ರಜೆಗೆಂದು ಅಲ್ಲಿಗೆ ಹೋಗಿದ್ದೆ. ಸಿಗಂದೂರಿನ ಹೊಸ ಸೇತುವೆ ಆಗ ಮುಗಿಯುವ ಹಂತದಲ್ಲಿತ್ತು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ನಿಂತರೆ ಪಕ್ಕದಲ್ಲೇ ಅದರ ಎತ್ತರದ ಕಂಬಗಳು, ಕೇಬಲ್‌ಗಳು. ಲಾಂಚಿನಲ್ಲಿದ್ದವರೆಲ್ಲ ಮೊಬೈಲ್ ಎತ್ತಿ ಫೋಟೊ ತೆಗೆಯುತ್ತಿದ್ದರು. ನಾನೂ ತೆಗೆದೆ. ಮನೆ ತಲುಪಿ ನೋಡಿದರೆ ಮಾವ ಅಂಗಳದ ಕೆಳಗಿನ ಮರದ ನೆರಳಿನಲ್ಲಿ ತಮ್ಮ ಹಳೆಯ ದೋಣಿಯನ್ನು ಬೋರಲು ಹಾಕಿಕೊಂಡು, ಹಳೆಯ ಕತ್ತಿಯಿಂದ ಅದರ ಹೊಟ್ಟೆ ಕೆರೆಯುತ್ತಾ ಕೂತಿದ್ದರು.

‘ಸೇತುವೆ ಬಂತಲಾ ಮಾವ, ಇನ್ನು ಈ ದೋಣಿ ಎಂತಕ್ಕೆ?’ ಎಂದೆ.

‘ಸೇತುವೆ ಸಾಗರಕ್ಕೆ ಹೋಪಲೆ ತಂಗಿ. ಯನ್ನ ತೋಟಕ್ಕೆ ಹೋಪಲೆ ದೋಣಿಯೇ ಸೈ’ ಎಂದರು.

ಅವರ ತೋಟದ ಒಂದು ತುಂಡು ಇರುವುದು ಹಿನ್ನೀರಿನ ಒಂದು ಸಣ್ಣ ಕವಲಿನ ಆಚೆ. ದೋಣಿಯಲ್ಲಿ ಹತ್ತು ನಿಮಿಷದ ಹಾದಿ. ರಸ್ತೆಯಲ್ಲಿ ಸುತ್ತಿ ಹೋದರೆ ಅರ್ಧ ದಿನ ಕಳೆಯುತ್ತದೆ. ಎಷ್ಟೇ ದೊಡ್ಡ ಸೇತುವೆಯಾದರೂ ಎಲ್ಲ ಕವಲುಗಳ ಮೇಲೂ ಹಾಯುವುದಿಲ್ಲವಲ್ಲ.

ಆ ರಜೆಯ ಹತ್ತು ದಿನ ನಾನು ಮಾವನ ಸಹಾಯಕಿಯಾದೆ. ಮೆಕ್ಯಾನಿಕಲ್ ಓದುವವಳು, ಸಹಜವಾಗಿ ಸ್ವಲ್ಪ ಜಂಬವೂ ಇತ್ತು. ಮೊದಲ ದಿನವೇ ಇಳಿಯಿತು. ದೋಣಿ ಹೆಬ್ಬಲಸಿನ ಹಲಗೆಯದು. (ಕೇರಳದಲ್ಲಿ ಆಂಜಿಲಿ ಎನ್ನುವುದು ಇದೇ ಮರವನ್ನು, ಅಲ್ಲಿನ ಕೆಟ್ಟುವಳ್ಳಂಗಳನ್ನು ಇದರ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದೇ ಮಾಡುತ್ತಿದ್ದರು.) ಹಲಗೆ ಹಲಗೆಯ ನಡುವಿನ ಸಂದಿನಿಂದ ಹಳೆಯ ಹತ್ತಿ ಮತ್ತು ರಾಳವನ್ನು ಕೆರೆದು ತೆಗೆಯಬೇಕು. ದೋಣಿ ಪೂರ್ತಿ ಒಣಗಬೇಕು. ಹೊಸ ಹತ್ತಿಯನ್ನು ಬತ್ತಿಯಂತೆ ಹೊಸೆದು ಸಂದಿಗೆ ಬಡಿದು ಕೂರಿಸಬೇಕು. ಎಣ್ಣೆಯಲ್ಲಿ ಕಾಯಿಸಿದ ರಾಳವನ್ನು ಅದರ ಮೇಲೆ ಮೆತ್ತಬೇಕು. ಕೊನೆಗೆ ಇಡೀ ಹೊಟ್ಟೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬೇಕು. ಆ ಎಣ್ಣೆ ಚರ್ಮವನ್ನು ಸುಡುತ್ತದೆ ಎಂದು ಮಾವ ಎರಡು ಸಲ ಹೇಳಿದ್ದರು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರೆ ಹಿಡಿತ ಸಿಗುವುದಿಲ್ಲ ಎಂದು ಬಿಚ್ಚಿಟ್ಟೆ. ಮರುದಿನ ಎರಡು ಬೆರಳಿನ ತುಂಬ ಬೊಬ್ಬೆ. ಅತ್ತೆ ತೆಂಗಿನೆಣ್ಣೆ ಹಚ್ಚುತ್ತಾ ಮಾವನಿಗೆ ಬೈದರು, ಬೈಗುಳದ ಅರ್ಧ ನನಗೂ ಬಂತು.

ದೋಣಿಯನ್ನು ನೀರಿಗೆ ಇಳಿಸಿದ ದಿನ ಇನ್ನೊಂದು ಪಾಠ. ಐದೇ ನಿಮಿಷದಲ್ಲಿ ಒಳಗೆ ಪಾದ ಮುಳುಗುವಷ್ಟು ನೀರು! ನಾನು ಹತ್ತಿ ಬಡಿದ ಸಂದೇ ಸೋರುತ್ತಿದೆ ಎಂದು ಅಳು ಬರುವುದೊಂದು ಬಾಕಿ. ಮಾವ ಮಾತ್ರ ಅರ್ಧ ಕತ್ತರಿಸಿದ ಎಣ್ಣೆ ಕ್ಯಾನು ನನ್ನ ಕೈಗೆ ಕೊಟ್ಟು ‘ಮೊಗೆ’ ಎಂದರು. ಬೇಸಿಗೆಯಲ್ಲಿ ಒಣಗಿ ಕುಗ್ಗಿದ ಹಲಗೆ ನೀರು ಕುಡಿದು ಉಬ್ಬಿದ ಮೇಲೆಯೇ ಸಂದು ಬಿಗಿಯಾಗುವುದಂತೆ. ಮರುದಿನ ಬೆಳಗಿನ ಹೊತ್ತಿಗೆ ಸೋರಿಕೆ ಮುಕ್ಕಾಲು ಪಾಲು ನಿಂತಿತ್ತು. ಒಂದು ಸಂದು ಮಾತ್ರ ನಿಲ್ಲಲಿಲ್ಲ. ಅದು ನಿಜಕ್ಕೂ ನಾನು ಬಡಿದದ್ದೇ. ದೋಣಿಯನ್ನು ಮತ್ತೆ ಮೇಲೆಳೆದು, ಒಣಗಿಸಿ, ಆ ಒಂದು ಗೇಣು ಜಾಗವನ್ನು ಮತ್ತೆ ಮಾಡಿದೆವು.

ಆಗ ಮಾವ ಹೇಳಿದ್ದು: ‘ದೋಣಿ ಹೇಳಿರೆ ದನ ಸಾಕಿದಾಂಗೆ ತಂಗಿ. ಹಾಲು ಕೊಡದಿದ್ರೂ ಹುಲ್ಲು ಹಾಕವು.’

ರಜೆ ಮುಗಿಸಿ ಹುಬ್ಬಳ್ಳಿಯ ಹಾಸ್ಟೆಲಿಗೆ ಮರಳಿದ ಮೇಲೂ ದೋಣಿ ತಲೆಯಿಂದ ಇಳಿಯಲಿಲ್ಲ. ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ಹುಡುಕುತ್ತಾ ಹೋದೆ. ಹಾಗೆ ಸಿಕ್ಕಿದ್ದು ಇಂಗ್ಲೆಂಡಿನ ಕಾಲುವೆಗಳಲ್ಲಿ ಮನೆ ಮಾಡಿಕೊಂಡಿರುವವರ ವಿಡಿಯೊಗಳು. ಅವರ ದೋಣಿಗೆ ನ್ಯಾರೋಬೋಟ್ ಎಂದು ಹೆಸರು. ಅಗಲ ಏಳು ಅಡಿಗಿಂತ ಕಡಿಮೆ. ಉದ್ದ ಎಪ್ಪತ್ತು ಅಡಿಯವರೆಗೂ ಇರಬಹುದು. ನಮ್ಮ ಹಾಸ್ಟೆಲಿನ ಕಾರಿಡಾರನ್ನು ಕತ್ತರಿಸಿ ನೀರಿಗೆ ಬಿಟ್ಟಂತೆ. ಅದರೊಳಗೇ ಅಡುಗೆಮನೆ, ಹಾಸಿಗೆ, ಸ್ನಾನ, ಕಲ್ಲಿದ್ದಲು ಅಥವಾ ಸೌದೆ ಉರಿಸುವ ಸಣ್ಣ ಒಲೆ.

ಅಷ್ಟು ಕಿರಿದು ಯಾಕೆ? ಹದಿನೆಂಟನೇ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ತೋಡಿದ ಆ ಕಾಲುವೆಗಳು ಗುಡ್ಡ ಹತ್ತಿ ಇಳಿಯುವಲ್ಲಿ ‘ಲಾಕ್’ ಎಂಬ ಕಟ್ಟೆಗಳಿವೆ. ದೋಣಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿ, ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನೇ ಏರಿಸಿ ಇಳಿಸುವ ಏರ್ಪಾಡು. ಈ ಲಾಕ್‌ಗಳನ್ನು ಏಳು ಅಡಿ ಅಗಲಕ್ಕೆ ಕಟ್ಟಿದರು; ದೋಣಿಯೂ ಅದೇ ಅಳತೆಗೆ ಬಂತು. ಇವತ್ತಿಗೂ ಬಹಳ ಕಡೆ ದೋಣಿಯವರೇ ಇಳಿದು, ಕೈಯಲ್ಲಿ ಹಿಡಿ ತಿರುಗಿಸಿ ನೀರು ಬಿಟ್ಟುಕೊಳ್ಳುತ್ತಾರೆ.

ರೈಲು ಬಂತು, ಆಮೇಲೆ ಲಾರಿ ಬಂತು. ಕಾಲುವೆಗಳು ಹೂಳು ತುಂಬಿ ಮುಚ್ಚುವ ಸ್ಥಿತಿಗೆ ಬಂದವು. ಇಲ್ಲಿ ಬರುವವರು ಎಲ್.ಟಿ.ಸಿ. ರೋಲ್ಟ್. ಆತ ತರಬೇತಿಯಿಂದ ಎಂಜಿನಿಯರ್. 1939ರಲ್ಲಿ ಮದುವೆಯಾದ ಹೊಸತರಲ್ಲೇ ಹೆಂಡತಿಯ ಜೊತೆ ‘ಕ್ರೆಸ್ಸಿ’ ಎಂಬ ಹಳೆಯ ಮರದ ದೋಣಿಯಲ್ಲಿ ಸಂಸಾರ ಹೂಡಿದರು. ಆ ಅನುಭವದ ಪುಸ್ತಕ ‘ನ್ಯಾರೋ ಬೋಟ್’ 1944ರಲ್ಲಿ ಬಂತು. ಎರಡೇ ವರ್ಷದಲ್ಲಿ, 1946ರಲ್ಲಿ, ಕಾಲುವೆ ಉಳಿಸುವ ಸಂಘ ಹುಟ್ಟಿತು. ರೋಲ್ಟ್ ಅದರ ಸ್ಥಾಪಕರಲ್ಲಿ ಒಬ್ಬರು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಅದರ ಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ದೋಣಿಗಳಿವೆ. ರೋಲ್ಟರ ಕ್ರೆಸ್ಸಿ ಮಾತ್ರ ಉಳಿಯಲಿಲ್ಲ. 1951ರ ಹೊತ್ತಿಗೆ ಅದರ ಮರ ರಿಪೇರಿಗೂ ಮೀರಿ ಕೆಟ್ಟಿತ್ತು.

ವಿಡಿಯೊ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಕಿಟಕಿಯಾಚೆಯ ಬಾತುಕೋಳಿ, ಹೂವಿನ ಕುಂಡ, ಕೈಯಲ್ಲಿ ಚಹಾ. ನನ್ನ ರೂಮ್‌ಮೇಟ್ ‘ಬಾಡಿಗೆ ಇಲ್ಲ, ಓನರ್ ಇಲ್ಲ, ಮಸ್ತ್ ಲೈಫ್’ ಎಂದಳು. ಸ್ವಲ್ಪ ಹೆಚ್ಚು ಹೊತ್ತು ನೋಡಿದರೆ ಬೇರೆಯೇ ಕಾಣುತ್ತದೆ. ಪ್ರೊಪೆಲ್ಲರ್‌ನ ದಂಡ ದೋಣಿಯ ಮೈ ತೂರಿ ಹೊರಹೋಗುವ ಜಾಗದಲ್ಲಿ ನೀರು ಒಳಗೆ ಬಾರದಂತೆ ಗ್ರೀಸ್ ಬಿಗಿಯುವ ಕೆಲಸ ದಿನವೂ ಇದೆ. ಪ್ರೊಪೆಲ್ಲರಿಗೆ ಕಳೆ, ಹಗ್ಗ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಒಂದು ಮುಚ್ಚಳ ತೆಗೆದು, ಕೊರೆಯುವ ನೀರಿಗೆ ಭುಜದವರೆಗೆ ಕೈ ಹಾಕಿ ಬಿಡಿಸಬೇಕು. ಆ ಮುಚ್ಚಳವನ್ನು ಮತ್ತೆ ಸರಿಯಾಗಿ ಕೂರಿಸದೆ ಎಂಜಿನ್ ಚಾಲೂ ಮಾಡಿ ದೋಣಿಯನ್ನೇ ಮುಳುಗಿಸಿಕೊಂಡವರಿದ್ದಾರೆ. ಕುಡಿಯುವ ನೀರಿನ ಟ್ಯಾಂಕ್ ತುಂಬಿಸುವುದು, ಶೌಚದ ಡಬ್ಬ ಹೊತ್ತುಕೊಂಡು ಹೋಗಿ ಖಾಲಿ ಮಾಡುವುದು, ಚಳಿಗಾಲದ ಬೆಳಿಗ್ಗೆ ಕಿಟಕಿಗಳ ಒಳಗೆ ಇಳಿದ ನೀರು ಒರೆಸುವುದು ಎಲ್ಲವೂ ಅವರದೇ ಕೆಲಸ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿ, ಉಕ್ಕಿನ ಹೊಟ್ಟೆ ಕೆರೆದು ತೊಳೆದು ಡಾಂಬರಿನಂಥ ಕಪ್ಪು ಬಣ್ಣ ಬಳಿಯಬೇಕು. ಸುರಕ್ಷತೆಯ ಸರ್ಟಿಫಿಕೇಟನ್ನು ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕು. ಸ್ವಂತ ಕಟ್ಟುದಾಣ ಇಲ್ಲದವರು ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ದೋಣಿಯ ಹೊಟ್ಟೆಗೆ ಬೆಸುಗೆ ಹಾಕಿದ ಮೆಗ್ನೀಸಿಯಂ ಗಟ್ಟಿಗಳನ್ನು ಒಬ್ಬರು ಕ್ಯಾಮೆರಾಗೆ ತೋರಿಸಿದಾಗ ನಾನು ಎದ್ದು ಕೂತೆ. ಅರ್ಧ ಕರಗಿ, ಇಲಿ ತಿಂದ ಬೆಲ್ಲದ ಅಚ್ಚಿನಂತೆ ಇದ್ದವು. ಉಕ್ಕಿನ ಬದಲು ತಾವು ಸವೆಯುವುದಕ್ಕೆಂದೇ ಇಡುವ ಲೋಹ. ಸಿಹಿನೀರಿಗೆ ಮೆಗ್ನೀಸಿಯಂ, ಉಪ್ಪುನೀರಿಗೆ ಸತು. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ‘ಸ್ಯಾಕ್ರಿಫಿಶಿಯಲ್ ಆನೋಡ್’ ಎಂಬ ಪ್ರಶ್ನೆಗೆ ನಾನು ಚಿತ್ರ ಸಮೇತ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಅದು ಹೇಗಿರುತ್ತದೆ, ಎಷ್ಟು ಸವೆದಾಗ ಬದಲಾಯಿಸಬೇಕು, ಬದಲಾಯಿಸುವವರು ಯಾರು ಎಂದು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವುದು ಬಹುತೇಕ ಹೊಸದನ್ನು ವಿನ್ಯಾಸ ಮಾಡುವುದನ್ನು. ಪ್ರಾಜೆಕ್ಟ್ ಎಂದರೆ ಹೊಸ ಯಂತ್ರ, ಹೊಸ ಆ್ಯಪ್. ಇರುವ ಯಂತ್ರವನ್ನು ಮೂವತ್ತು ವರ್ಷ ಓಡಿಸುವುದು ಹೇಗೆ ಎಂಬ ಪ್ರಾಜೆಕ್ಟಿಗೆ ಮಾರ್ಗದರ್ಶಕರು ಸಿಗುವುದೂ ಕಷ್ಟ, ಗೆಳತಿಯರು ಸಿಗುವುದು ಇನ್ನೂ ಕಷ್ಟ. ಮೇಂಟೆನೆನ್ಸ್ ಅಂದರೆ ಎಣ್ಣೆ ಮೆತ್ತಿದ ಕೈ, ಶಿಫ್ಟ್ ಡ್ಯೂಟಿ, ‘ಅದು ಡಿಪ್ಲೊಮಾದವರ ಕೆಲಸ’. ಹುಡುಗಿಯಾದರೆ ಕೇಳುವುದೇ ಬೇಡ. ಮೆಕ್ಯಾನಿಕಲ್ ತೆಗೆದುಕೊಂಡ ದಿನವೇ ‘ಸಿಎಸ್ ಸಿಕ್ಕಿರಲಿಲ್ಲವಾ’ ಎಂದು ನೆಂಟರಿಷ್ಟರೆಲ್ಲ ಮರುಗಿದ್ದರು. ಸಿಕ್ಕಿತ್ತು. ಅದನ್ನು ಹೇಳಿದರೆ ಅವರ ಮರುಕ ಇನ್ನೂ ಹೆಚ್ಚಾಗುತ್ತದೆ ಎಂದು ಸುಮ್ಮನಿರುತ್ತೇನೆ.

ಹಾಗಂತ ದೋಣಿಯೇ ಚಂದ, ಸೇತುವೆ ಬೇಡ ಎನ್ನುವ ಗುಂಪಿನವಳಲ್ಲ ನಾನು. ಅಂಥ ಮಾತನ್ನು ಅತ್ತೆಯ ಎದುರು ಒಮ್ಮೆ ಆಡಿ ಅನುಭವಿಸಿದ್ದೇನೆ. ‘ನಿಂಗೆ ದೋಣಿ ಚಂದ ಕಾಣ್ತು. ನಡುರಾತ್ರೆ ಹೊಟ್ಟೆನೋವು ಬಂದ್ರೆ ಎಷ್ಟು ಚಂದ ಹೇಳಿ ಗೊತ್ತಾಗ್ತು’ ಎಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದ ಮೇಲೆ ತುಮರಿ ಸೀಮೆಯ ಜನ ಅರವತ್ತು ವರ್ಷ ಕಾದದ್ದು ಈ ಸೇತುವೆಗೆ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ರಾತ್ರಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. 2025ರ ಜುಲೈ 14ರಂದು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದಾಗ ಅತ್ತೆ ನೆರೆಮನೆಯವರ ಜೊತೆ ನಡೆದೇ ಹೋಗಿ ನೋಡಿ ಬಂದರು. ಇಂಗ್ಲೆಂಡಿನ ದೋಣಿವಾಸಿಗಳಲ್ಲೂ ಎಲ್ಲರೂ ಬಾತುಕೋಳಿ ನೋಡಲು ಹೋದವರಲ್ಲ. ಲಂಡನ್ನಿನ ಮನೆ ಬಾಡಿಗೆ ಕೊಡಲಾರದೆ ನೀರಿಗೆ ಇಳಿದವರೂ ಇದ್ದಾರೆ.

ಆದರೆ ಸೇತುವೆ ಬಂದ ಮಾತ್ರಕ್ಕೆ ನೋಡಿಕೊಳ್ಳುವ ಕೆಲಸ ಮುಗಿಯಿತೇ? ದೋಣಿ ಸೋರಿದರೆ ಪಾದಕ್ಕೆ ಗೊತ್ತಾಗುತ್ತದೆ. ಸೇತುವೆ ಒಳಗೊಳಗೇ ಸವೆದರೆ ಮೇಲೆ ಬಸ್ಸಿನಲ್ಲಿ ಹೋಗುವ ನಮಗೆ ಏನೂ ಗೊತ್ತಾಗುವುದಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ನಮ್ಮದೇ ಜಿಲ್ಲೆಯ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. 1983ರದು, ವಯಸ್ಸು ನಲವತ್ತು ದಾಟಿತ್ತಷ್ಟೇ. ಅದರೊಂದಿಗೆ ನೀರಿಗೆ ಬಿದ್ದ ಲಾರಿಯ ಚಾಲಕ ಬದುಕಿ ಬಂದದ್ದು ಪೊಲೀಸರು ಮತ್ತು ಮೀನುಗಾರರ ನೆರವಿನಿಂದ. ಅಂದರೆ ಕೊನೆಗೆ ಬೇಕಾದದ್ದು ನದಿ ಗೊತ್ತಿದ್ದವರೇ. ಅದಕ್ಕೂ ಮೊದಲು, 2021ರ ಜುಲೈ ನೆರೆಯಲ್ಲಿ ನಮ್ಮ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಗಂಗಾವಳಿ ಸೇತುವೆ ಕೊಚ್ಚಿಹೋಗಿತ್ತು. ನಾನಾಗ ಹೈಸ್ಕೂಲು ಮುಗಿಸಿದ ಹುಡುಗಿ. ಎರಡು ದಡದ ನಡುವೆ ಏನೂ ಇಲ್ಲದ ಆ ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಕಾರಣಗಳು ಬೇರೆ ಬೇರೆ ಇರುತ್ತವೆ, ಅದನ್ನು ತಜ್ಞರು ಹೇಳಲಿ. ನಾನು ಹೇಳುವುದು ಇಷ್ಟೇ: ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮೂರಲ್ಲಿ ನಾಲ್ಕು ಮನೆಯವರು ಸೇರಿ ಕಾಲುಸಂಕದ ಕೊಳೆತ ಅಡಿಕೆ ಮರ ಬದಲಾಯಿಸುತ್ತಾರೆ. ಆ ದಿನಕ್ಕೆ ಯಾರೂ ಉದ್ಘಾಟನೆ ಎನ್ನುವುದಿಲ್ಲ, ಫೋಟೊ ತೆಗೆಯುವುದಿಲ್ಲ.

ಈಗ ಲಾಂಚುಗಳ ವಿಷಯ. ಅಂಬಾರಗೊಡ್ಲು–ಕಳಸವಳ್ಳಿ ನಡುವೆ ಸೇತುವೆಯಾದ ಮೇಲೆ ಅಲ್ಲಿದ್ದ ಲಾಂಚುಗಳನ್ನು ಏನು ಮಾಡಬೇಕು ಎಂಬ ಚರ್ಚೆ ನಡೆದಿದೆ. ತೇಲುವ ಹೋಟೆಲ್ ಮಾಡಬೇಕು, ಪ್ರವಾಸಿಗರಿಗೆ ಬಿಡಬೇಕು ಎಂಬ ಸಲಹೆಗಳು ಬಂದವು. ಹೋಟೆಲ್ ಮಾಡುವುದಾದರೆ ಮಾಡಲಿ, ನಾನೂ ಹೋಗಿ ಬನ್ಸ್ ತಿನ್ನುತ್ತೇನೆ. ಆದರೆ ಒಂದು ಲಾಂಚನ್ನಾದರೂ ಸುತ್ತಮುತ್ತಲಿನ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳ ಕೈಗೆ ಕೊಡಬಾರದೇ? ಅದರ ಎಂಜಿನ್ ಬಿಚ್ಚಿ ಜೋಡಿಸಲಿ. ಅಡಿ ಹಾಳೆಯ ದಪ್ಪ ಅಳೆದು ಎಷ್ಟು ಸವೆದಿದೆ ಎಂದು ವರ್ಷವರ್ಷ ದಾಖಲಿಸಲಿ. ಡೀಸೆಲ್ ತೆಗೆದು ಬ್ಯಾಟರಿ ಹಾಕಿದರೆ ಎಷ್ಟು ದೂರ ಹೋದೀತು ಎಂದು ಲೆಕ್ಕ ಹಾಕಲಿ. ಕೇರಳದ ವೈಕಂನಲ್ಲಿ 75 ಜನ ಕೂರುವ ಸೌರಶಕ್ತಿಯ ದೋಣಿ ‘ಆದಿತ್ಯ’ 2017ರಿಂದ ಓಡುತ್ತಿದೆ. ಹಾಗಿರುವಾಗ ಇದು ಕನಸಿನ ಮಾತೇನಲ್ಲ. ಮೂವತ್ತು ನಲವತ್ತು ವರ್ಷ ಆ ಹಿನ್ನೀರಿನಲ್ಲಿ ಲಾಂಚ್ ನಡೆಸಿದವರು, ಯಾವ ತಿಂಗಳು ಯಾವ ಮುಳುಗಿದ ಮರದ ಬೊಡ್ಡೆ ಎಲ್ಲಿ ತಲೆ ಎತ್ತುತ್ತದೆ ಎಂದು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೆಲವು ವರ್ಷ ಕಳೆದರೆ ಕೇಳೋಣವೆಂದರೂ ಯಾರಿರುತ್ತಾರೆ?

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ಇನ್ನೊಂದು ಮಾತು. ಇದು ಬರೀ ಭಾವುಕತೆ ಅಲ್ಲ. 2016ರ ಕಾಯ್ದೆ ದೇಶದಲ್ಲಿ ಒಟ್ಟು 111 ರಾಷ್ಟ್ರೀಯ ಜಲಮಾರ್ಗಗಳನ್ನು ಗುರುತಿಸಿದೆ. ನಮ್ಮ ಕಾಳಿ, ಶರಾವತಿ, ನೇತ್ರಾವತಿ ಆ ಪಟ್ಟಿಯಲ್ಲಿವೆ. 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಾಂತ್ರಿಕ ದೋಣಿಗಳಿಗೆ ನೋಂದಣಿ ಮತ್ತು ತಪಾಸಣೆ, ನಡೆಸುವವರಿಗೆ ಅರ್ಹತಾ ಪತ್ರ ಬೇಕು. ತಪಾಸಣೆ ಎಂದಮೇಲೆ ತಪಾಸಣೆ ಮಾಡಬಲ್ಲವರೂ ಬೇಕು. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೊ ಶುರುವಾಯಿತು. ಅದರ ಬ್ಯಾಟರಿ ದೋಣಿಗಳನ್ನು ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡ್. ಅದರ ಅಂಗಸಂಸ್ಥೆಯೊಂದು ನಮ್ಮ ಮಲ್ಪೆಯಲ್ಲೂ ಇದೆ. ಕಾಗದದ ಮೇಲಿನ ಜಲಮಾರ್ಗಗಳೆಲ್ಲ ನಾಳೆಯೇ ಉದ್ಯೋಗ ಕೊಡುತ್ತವೆ ಎಂದು ನಾನು ಹೇಳುವುದಿಲ್ಲ. ಹಾಗೆ ನಂಬಿಸುವವರನ್ನೂ ನಂಬಬೇಡಿ. ಆದರೆ ನಮ್ಮ ಕ್ಲಾಸಿನ ಅರವತ್ತು ಮಂದಿಯಲ್ಲಿ ಐವತ್ತು ಮಂದಿ ಒಂದೇ ಬಗೆಯ ಕೋಡಿಂಗ್ ಪರೀಕ್ಷೆಗೆ ಸಾಲು ನಿಂತಿರುವಾಗ, ಖಾಲಿ ಇರುವ ಇನ್ನೊಂದು ಸಾಲಿನತ್ತ ಒಮ್ಮೆ ನೋಡುವುದರಲ್ಲಿ ನಷ್ಟವೇನಿದೆ?

ಈ ವರ್ಷದ ಬೇಸಿಗೆಯಲ್ಲೂ ಮಾವನ ದೋಣಿ ಮೇಲೆ ಬರುತ್ತದೆ. ಈ ಸಲ ಬರುವಾಗ ಒಳ್ಳೆಯ ಕೈಗವಸು ತಾ ಎಂದು ಫೋನಿನಲ್ಲಿ ಹೇಳಿದ್ದಾರೆ, ನನಗೊಂದು ಜೊತೆ, ಅವರಿಗೊಂದು ಜೊತೆ. ಎರಡು ಲೈಫ್ ಜಾಕೆಟ್ ಕೂಡ ತರುತ್ತೇನೆ ಎಂದೆ. ‘ಅರವತ್ತು ವರ್ಷ ಇಲ್ಲದ್ದು ಈಗ ಎಂತಕ್ಕೆ’ ಎಂದು ನಕ್ಕರು, ಬೇಡ ಎನ್ನಲಿಲ್ಲ. ಕ್ಲಾಸಿನವರು ಬೆಂಗಳೂರಿನ ಇಂಟರ್ನ್‌ಶಿಪ್‌ಗಳಿಗೆ ಅರ್ಜಿ ಹಾಕುತ್ತಿರುವಾಗ ನಾನು ದೋಣಿ ರಿಪೇರಿ ಮಾಡುವ ಒಂದು ಯಾರ್ಡಿಗೆ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮನೆಯಲ್ಲಿ ಅಪ್ಪನಿಗೂ ಇನ್ನೂ ಹೇಳಿಲ್ಲ. ಅವರು ಪ್ರತಿದಿನ ಬೆಳಿಗ್ಗೆ ಹಾಲು ಕೊಟ್ಟು ಬರುವಾಗ ಪೇಪರ್ ತರುತ್ತಾರೆ, ಈ ಪುಟವನ್ನೂ ಬಿಡದೆ ಓದುತ್ತಾರೆ.